ಪಡವಲಕಾಯಿಗೆ ನಟ್ಟು ಕಟ್ಟಿದವಳು ಯಾರು?

ಕೃಷಿ ಪ್ರಾಜೆಕ್ಟುಗಳಿಗೆ ಅಂಕ ಹಾಕುವ ಮಾನ್ಯ ಅಧಿಕಾರಿಗಳೇ,

ನಮ್ಮ ಲಗ್ಗೆರೆಯ ಶಾಲೆಯಲ್ಲಿ ಕಳೆದ ವರ್ಷ ಎಂಟನೇ ತರಗತಿಯಲ್ಲಿ ನಿಜವಾಗಿ ಬೆಳೆ ಬೆಳೆದವಳು ಒಬ್ಬಳೇ ಹುಡುಗಿ. ತಾವು ಅವಳ ರೆಕಾರ್ಡ್ ಪುಸ್ತಕದ ಮೇಲೆ ಕೆಂಪು ಶಾಯಿಯಲ್ಲಿ ‘ನಕಲು’ ಎಂದು ಬರೆದು ಸೊನ್ನೆ ಸುತ್ತಿದ್ದೀರಿ. ಬೀಜವನ್ನೇ ಮುಟ್ಟದವರಿಗೆ ‘ಉತ್ತಮ ಇಳುವರಿ’ ಎಂಬ ಪ್ರಶಂಸೆ. ತಮ್ಮ ಕಣ್ಣಿಗೆ ಯಾರ ದೃಷ್ಟಿಯೂ ತಾಕದಿರಲಿ!

ಹುಡುಗಿ ಶಿವಗಂಗಾ, ನಮ್ಮ ಹಿಂದಿನ ರೂಮಿನ ಬಾಡಿಗೆದಾರ ಚನಬಸಪ್ಪನ ಮಗಳು. ಆತ ಪೀಣ್ಯದ ಒಂದು ಲೇತ್ ಶೆಡ್ಡಿನಲ್ಲಿ ಕೆಲಸಗಾರ. ಪ್ರತಿ ವಿದ್ಯಾರ್ಥಿಯೂ ತರಕಾರಿ ಬೆಳೆದು, ರೆಕಾರ್ಡ್ ಬರೆದು, ಬೆಳೆಯ ಜೊತೆ ನಿಂತ ಫೋಟೊ ಅಂಟಿಸಬೇಕೆಂದು ತಮ್ಮ ಆದೇಶವಾಯಿತು. ಲಗ್ಗೆರೆಯಲ್ಲಿ ಮನುಷ್ಯರು ನಿಲ್ಲುವುದಕ್ಕೇ ಜಾಗವಿಲ್ಲ, ತರಕಾರಿ ಎಲ್ಲಿ ನಿಲ್ಲಬೇಕು ಸ್ವಾಮಿ? ಆದರೂ ಇವಳು ನನ್ನ ತಾರಸಿಯಲ್ಲಿ ಹಳೇ ಪೇಂಟ್ ಡಬ್ಬಗಳಿಗೆ ಮಣ್ಣು ತುಂಬಿ ಪಡವಲ ಬಳ್ಳಿ ಹಬ್ಬಿಸಿದಳು. ಕಾಯಿ ಸುರುಳಿ ಸುತ್ತದೆ ನೆಟ್ಟಗೆ ಇಳಿಯಲೆಂದು ಅದರ ತುದಿಗೆ ಕಲ್ಲು ಕಟ್ಟುತ್ತಾರಲ್ಲ, ಇವಳು ಕಲ್ಲಿನ ಬದಲು ಅಪ್ಪ ಶೆಡ್ಡಿನಿಂದ ತಂದ ತುಕ್ಕು ಹಿಡಿದ ನಟ್ಟು ಕಟ್ಟಿದಳು.

ಪುಸ್ತಕ ಒಪ್ಪಿಸುವ ದಿನ ಹತ್ತಿರ ಬಂತು ನೋಡಿ, ಸ್ಟುಡಿಯೋದವನನ್ನು ಕರೆದುಕೊಂಡು ಇಡೀ ತರಗತಿ ನನ್ನ ತಾರಸಿಗೆ ನುಗ್ಗಿತು. “ಆಂಟಿ, ಒಂದೇ ಒಂದು ಫೋಟೊ, ಪ್ಲೀಸ್!” ತಲೆ ಬಾಚಿಕೊಂಡವರೆಷ್ಟು, ಪೌಡರ್ ಮೆತ್ತಿಕೊಂಡವರೆಷ್ಟು! ಒಬ್ಬನಂತೂ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಕಾಯಿಯನ್ನು ಹೆಗಲಿಗೆ ಎಳೆದುಕೊಂಡ. “ಏಯ್ ಮಗಾ, ಕಿತ್ತೋಗತ್ತೆ ಬಿಡೋ, ನಂದಿನ್ನೂ ಆಗಿಲ್ಲ!” ಎಂದು ಹಿಂದಿದ್ದವನು ಕಿರುಚಿದ. ಶಿವಗಂಗಾ ಎಲ್ಲರಿಗೂ ಎಲೆ ಸರಿಸಿ ಕೊಟ್ಟು ಕೊನೆಗೆ ತಾನು ನಿಂತಳು. ಸ್ಟುಡಿಯೋದವನು ಹೇಗೂ ಬಂದಿದ್ದಾನಲ್ಲ ಎಂದು ನಾನೂ ಒಂದು ತೆಗೆಸಿಕೊಂಡೆ. ಅದನ್ನು ತಮಗೆ ಸಲ್ಲಿಸಿಲ್ಲ, ಗಾಬರಿ ಬೇಡ.

ಪುಸ್ತಕಗಳು ಹಾಜರಿ ಕ್ರಮದಲ್ಲಿ ತಮ್ಮ ಮೇಜಿಗೆ ಬಂದವು. ಮೊದಲ ಪುಸ್ತಕದ ಫೋಟೊದಲ್ಲಿದ್ದ ನಟ್ಟು ತಮಗೆ ‘ನವೀನ ಪ್ರಯೋಗ’ವಾಗಿ ಕಂಡಿತು. ಪಟ್ಟಿಯ ಕೊನೆಯವಳಾದ ಶಿವಗಂಗಾಳ ಪುಸ್ತಕ ತೆರೆಯುವ ಹೊತ್ತಿಗೆ, ಈ ನಟ್ಟನ್ನು ಎಲ್ಲೋ ನೋಡಿದ್ದೇನಲ್ಲ ಎಂಬ ಜ್ಞಾನೋದಯವಾಯಿತು! ಒಳಗಿನ ಬರಹ ಓದಿದಿರಾ? ಉಳಿದವರದೆಲ್ಲ ‘ಸಕಾಲಕ್ಕೆ ಗೊಬ್ಬರ ನೀಡಲಾಯಿತು’. ಇವಳದು, ‘ಪಕ್ಕದ ಕಟ್ಟಡದ ಸಿಮೆಂಟ್ ಧೂಳು ಕೂತು ಹೂವು ಉದುರಿತು’. ಕೀಟಬಾಧೆಯ ಅಂಕಣದಲ್ಲಿ, ‘ಓನರ್ ಆಂಟಿ ಹೇಳದೆ ಎರಡು ಕಾಯಿ ಕೊಯ್ದುಕೊಂಡರು’. ಓದಿ ನನಗೆ ಮೈಯೆಲ್ಲ ಉರಿಯಿತು. ಆದರೆ ಸುಳ್ಳೇನಲ್ಲವಲ್ಲ, ಪಲ್ಯ ಬಹಳ ಚೆನ್ನಾಗಿತ್ತು. ಇದನ್ನು ಯಾರ ಪುಸ್ತಕ ನೋಡಿ ನಕಲು ಮಾಡಿದಳು, ತಾವೇ ಹೇಳಿ.

ಈ ವರ್ಷ ಮತ್ತೆ ಪ್ರಾಜೆಕ್ಟ್ ಬಂದಿದೆ. ಮೊನ್ನೆ ಶಿವಗಂಗಾ ಡಬ್ಬಗಳ ಮಣ್ಣನ್ನು ಮೂಲೆಗೆ ಸುರಿಯುತ್ತಿದ್ದಳು. ಯಾಕಮ್ಮಾ ಎಂದೆ.

“ಈ ಸಲ ಬಳ್ಳಿ ಬ್ಯಾಡ್ರಿ ಆಂಟಿ. ಬರೇ ರೆಕಾರ್ಡ್ ಬರಿತೀನಿ. ಅದಕ್ಕ ಮಾರ್ಕ್ಸ್ ಬರ್ತಾವ.”

ಬೀಜ ನಾನೇ ತಂದಿಟ್ಟಿದ್ದೇನೆ, ಹುಡುಗಿ ಕಣ್ಣೆತ್ತಿಯೂ ನೋಡುತ್ತಿಲ್ಲ. ಆದ್ದರಿಂದ ತಾವು ಖುದ್ದಾಗಿ ಶಾಲೆಗೆ ಬಂದು, ಇಡೀ ತರಗತಿಯ ಎದುರು ‘ನಕಲು’ ಎಂಬ ಆ ಪದವನ್ನು ತಮ್ಮ ಕೈಯಾರೆ ಹೊಡೆದುಹಾಕಬೇಕು. ಬೇಗ ಬನ್ನಿ. ಹುಡುಗಿ ‘ಸಕಾಲಕ್ಕೆ ಗೊಬ್ಬರ ನೀಡಲಾಯಿತು’ ಎಂದು ಬರೆಯಲು ಕಲಿತುಬಿಟ್ಟರೆ, ಆಮೇಲೆ ತಾವು ಬಂದೂ ಪ್ರಯೋಜನವಿಲ್ಲ.

ಇಂತಿ,
ಬಾಡಿಗೆದಾರರ ಪರ ವಹಿಸಿ ಬೀದಿಯ ಓನರುಗಳೆಲ್ಲರ ನಿಷ್ಠುರ ಕಟ್ಟಿಕೊಂಡಿರುವ
ಪದ್ಮಾವತಿ, ಲಗ್ಗೆರೆ