ತಹಷ್ ತೊಗಲಿನ ಪುಟ್ಟ ಬೂಟು

ರೀ,

ಓದಲು ನೀವಿಲ್ಲ, ಗೊತ್ತು. ಆದರೂ ಇದನ್ನು ನಿಮಗೆ ಹೇಳದೆ ಹೇಗಿರಲಿ?

ಬೈಬಲ್ ಅನುವಾದಿಸುವಾಗ 'ತಹಷ್' ಎಂಬ ಹೀಬ್ರೂ ಪದಕ್ಕೆ ನಾವು ಕಿತ್ತಾಡಿದ್ದು ನೆನಪಿದೆಯಲ್ಲ? ದೇವರ ಗುಡಾರಕ್ಕೆ ತಹಷ್ ಚರ್ಮದ ಹೊದಿಕೆ. ಪ್ರವಾದಿಯೊಬ್ಬನ ಮಾತಿನಲ್ಲಿ, ದೇವರು ಸಾಕಿದ ಅನಾಥ ಹುಡುಗಿಗೆ ತಹಷ್ ಚರ್ಮದ ಪಾದರಕ್ಷೆ. ಅದು ಏನೆಂದು ಯಾವ ಪಂಡಿತರಿಗೂ ಖಚಿತವಿಲ್ಲ. ನೀವು ಡಾಲ್ಫಿನ್ ಎಂದಿರಿ, ನಾನು ಬಣ್ಣ ಹಾಕಿದ ಆಡಿನ ತೊಗಲು ಎಂದೆ. ತಟ್ಟೆಯಲ್ಲಿ ಊಟ ಆರಿಹೋದರೂ ಒಬ್ಬರೂ ಸೋಲಲಿಲ್ಲ.

ಇವತ್ತು ಮಗಳು, ಮೊಮ್ಮಗಳಿಗೆಂದು ತಾನೇ ಹೊಲಿದ ಬೂಟು ತಂದಳು. ನೀಲಿ ಬಣ್ಣದ ಆಡಿನ ತೊಗಲು, ಅದರ ಮೇಲೆ ಡಾಲ್ಫಿನ್ ಕಸೂತಿ!

"ಅಪ್ಪಂದೂ ಆಯ್ತು, ನಿಂದೂ ಆಯ್ತು. ಇನ್ನಾದ್ರೂ ರಾಜಿ ಆಗ್ತೀಯೇನಮ್ಮಾ?"

"ನಿಮ್ಮಪ್ಪ ಒಪ್ಪಬೇಕಲ್ಲೇ!" ಅಂದೆ.

ಅವಳು ನಿಮ್ಮ ಖಾಲಿ ಕುರ್ಚಿಯತ್ತ ತಿರುಗಿ ನೋಡಿದಳು. ಆಮೇಲೆ ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಇಷ್ಟು ದಿನ ಗೋಡೆ ಹಿಡಿದೇ ನಡೆಯುತ್ತಿದ್ದ ಮಗು, ಬೂಟು ತೊಟ್ಟದ್ದೇ ತಡ, ಕೈಬಿಟ್ಟು ಟಪಟಪನೆ ನಿಮ್ಮ ಕುರ್ಚಿಯ ತನಕ ನಡೆದೇಬಿಟ್ಟಿತು! ಕುರ್ಚಿ ತಟ್ಟಿ ಕೇಕೆ ಹಾಕಿತು. ಮಗಳು ಚಪ್ಪಾಳೆ ಹೊಡೆದಳು. ನಾನೂ ಹೊಡೆದೆ, ನಿಮ್ಮ ಪಾಲಿನದನ್ನೂ ನಾನೇ ಹೊಡೆದೆ.