ಒಂದು ಹೊತ್ತಿನ ಅಂದಾಜು

ಬಾಯಿಬಡುಕಿ ಮಗಳೇ,

ಹಸುಗಳ ಹಾಲು ಅಳೆಯಲು ಸಂಜೆ ಕರೆಯುವ ಹೊತ್ತಿಗೆ ಒಂದು ಡೇರಿ, ನಸುಕಿನಲ್ಲಿ ಇನ್ನೊಂದು. ರಾತ್ರಿ ನಾನು ಬಂದಾಗ ನೀನು ಮಲಗಿದ್ದೆ, ಈಗ ಹೊರಡುವಾಗಲೂ ಮಲಗಿದ್ದೀಯ.

ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿರುವ ಸಣ್ಣ ಬಾಟಲಿಗಳನ್ನು ಮುಟ್ಟಬೇಡ. ಪರೀಕ್ಷೆಗೆ ಹೋಗುವ ಹಾಲು, ಕೆಡದಂತೆ ಮದ್ದು ಹಾಕಿದೆ. ಅಜ್ಜಿಗೂ ಇನ್ನೊಮ್ಮೆ ಹೇಳು. ಮೊನ್ನೆ ಒಂದನ್ನು ಕಾಫಿಗೆ ಬಗ್ಗಿಸಲು ಹೊರಟಿದ್ದರು. ತಡೆದರೆ, "ಇಷ್ಟು ಬಾಟಲಿ ತಂದು ತುಂಬ್ತೀಯ, ಕಾಫಿಗೆ ಮಾತ್ರ ಹಾಲಿಲ್ಲ ಅಂತೀಯಲ್ಲೋ" ಅಂತ ನನಗೇ ಬೈಗುಳ.

ನಿನ್ನ ಶೂ ತೊಳೆದು ಕಿಟಕಿಯಲ್ಲಿಟ್ಟಿದ್ದೇನೆ. ಒಣಗದಿದ್ದರೆ ಹಳೆಯದನ್ನೇ ಹಾಕಿಕೋ.

ಹಸುವಿನ ಹಾಲನ್ನು ಒಂದೇ ಹೊತ್ತು ಅಳೆದು ಇಡೀ ದಿನದ್ದನ್ನು ಅಂದಾಜು ಮಾಡುವುದು ನಮ್ಮ ಪದ್ಧತಿ. ಈಚೆಗೆ ನಿನ್ನನ್ನೂ ಹಾಗೆಯೇ ಅಂದಾಜು ಮಾಡುತ್ತಿದ್ದೇನೆ. ತಟ್ಟೆಯ ಅಂಚಿಗೆ ತಳ್ಳಿದ ಬೀನ್ಸ್ ನೋಡಿದರೆ ಊಟದ ಕಥೆ ತಿಳಿಯುತ್ತದೆ. ಶೂಗೆ ಮೆತ್ತಿದ ಕೆಸರು ನೋಡಿ ಮ್ಯಾಚ್ ಇತ್ತೆಂದು ಗೊತ್ತಾಯಿತು. ಗೆದ್ದಿರೋ ಸೋತಿರೋ, ಅದನ್ನು ಶೂ ಹೇಳಲಿಲ್ಲ. ನಿನ್ನ ಬಾಯಿಂದಲೇ ಕೇಳಬೇಕು ಅನಿಸುತ್ತಿದೆ.

ಬೆಳಗ್ಗೆ ನೀನು ಸ್ಕೂಲಿಗೆ ಹೊರಡುವ ಹೊತ್ತಿಗೆ ನಾನು ಬಂದು ಮಲಗಿರುತ್ತೇನೆ. "ಅಜ್ಜಿ, ಮೆತ್ತಗೆ ಮಾತಾಡು, ಅಪ್ಪ ಎದ್ದುಬಿಡ್ತಾರೆ" ಅಂತ ನೀನು ಗದರಿಸುವುದು ದಿನವೂ ನಿದ್ದೆಯಲ್ಲೇ ಕೇಳಿಸುತ್ತದೆ. ಕಣ್ಣು ಬಿಡುವಷ್ಟರಲ್ಲಿ ಗೇಟು ಹಾಕಿದ ಸದ್ದು.

ಇವತ್ತು ಹಾಗೆ ತುದಿಗಾಲಲ್ಲಿ ಹೋಗಬೇಡ. ಹೊದಿಕೆ ಎಳೆದು ಎಬ್ಬಿಸು. ಮ್ಯಾಚಿನ ಕಥೆಯನ್ನು ಮೊದಲಿನಿಂದ ಹೇಳು. ನಡುವೆ ತೂಕಡಿಸಿದರೆ ಮತ್ತೆ ಎಬ್ಬಿಸು.

ಅಪ್ಪ