ಕೊಳವೆಯಲ್ಲಿ ಮೇಣ ಕಟ್ಟಲಿಲ್ಲ

ಫೆಬ್ರುವರಿ ೯, ಸೋಮವಾರ

ನನ್ನ ಮೇಣದ ಡಾಕ್ಟರಿಗೆ,

ಮೊದಲು ಬೈದುಬಿಡು, ಆಮೇಲೆ ಓದು. ನಿನ್ನ ಪತ್ರ ಬಂದು ಎಷ್ಟೋ ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಸಿಟ್ಟು ಬಂದು ಎದ್ದುಬಿಡುತ್ತಿದ್ದೆ. ನಾನು ಆರಾಮಾಗಿದ್ದೇನೆ, ಕೆಮ್ಮು ನಿಂತಿದೆ. ಅಡುಗೆಮನೆಯ ನಲ್ಲಿ ಮಾತ್ರ ಇನ್ನೂ ಸೋರುತ್ತಿದೆ. ದಿನವಿಡೀ ಕಂಪನಿಯ ಪೈಪು ನೋಡಿಕೊಳ್ಳುವವನ ಮನೆಯ ಹಣೆಬರಹ ಇಷ್ಟೇ.

ಸಿಟ್ಟು ಯಾಕೆಂದು ಹೇಳಿಬಿಡುತ್ತೇನೆ. ನಿನ್ನ ಪತ್ರದ ತುಂಬ ಅವನೇ ಇದ್ದ, ನಿಮ್ಮ ಲ್ಯಾಬಿಗೆ ಹೊಸದಾಗಿ ಬಂದ ಆ ಕನ್ನಡಕದವನು. ಕಚ್ಚಾ ಎಣ್ಣೆ ತಣ್ಣಗಾಗಿ ಮೇಣ ಹರಳುಗಟ್ಟಿದ ಮೇಲೆ, ಮೇಣ ತಡೆಯುವ ನಿಮ್ಮ ಮದ್ದು ಬೆರೆಸಿದರೆ ಏನು ಬಂತು, ಹೀಟರಿನಿಂದ ಬಿಸಿಬಿಸಿಯಾಗಿ ಹೊರಬರುವಲ್ಲೇ ಬೆರೆಸಬೇಕು ಎಂದು ಮ್ಯಾನೇಜರ ಜೊತೆ ಜಗಳಾಡಿದ್ದು ಅವನಂತೆ. ನೀನು ಊಟ ಮರೆತರೆ ನೆನಪಿಸುವುದೂ ಅವನಂತೆ. ಇದರಲ್ಲಿ ನಾನೆಲ್ಲಿದ್ದೇನೆ ಎಂದು ಹುಡುಕಿದೆ. ಕೊನೆಯ ಸಾಲಿನಲ್ಲಿ, ‘ನಿಮ್ಮ ಕೆಮ್ಮು ಹೇಗಿದೆ’ ಅನ್ನುವಲ್ಲಿ ಸಿಕ್ಕಿದೆ.

ಗುರುವಾರ ಅವನೇ ಜೀಪಿನಲ್ಲಿ ನಮ್ಮ ಕಡೆಗೆ ಬಂದಿಳಿದ. ಆ ತುದಿಯಲ್ಲಿ ನೀವು ಮದ್ದು ಬೆರೆಸಿ ಕಳಿಸಿದ ಎಣ್ಣೆ ಪೈಪಿನಲ್ಲಿ ಎಷ್ಟು ಮೇಣ ಬಿಟ್ಟಿದೆ ಎಂದು ಈ ತುದಿಯಲ್ಲಿ ನೋಡಬೇಕಿತ್ತಲ್ಲ. ಪೈಪಿನೊಳಗಿನ ಮೇಣವನ್ನು ಬ್ರಶ್ಶಿನಿಂದ ಉಜ್ಜಿಕೊಂಡು ಬರುವ ಪಿಗ್ ಎಂಬ ಸಾಧನವನ್ನು ನಮ್ಮ ಗ್ಯಾಂಗಿನವರು ಹಂದಿ ಅಂತಲೇ ಕರೆಯುವುದು ನಿನಗೆ ಗೊತ್ತು. ಅದು ಬರುವ ತನಕ ಅವನು ನನ್ನದೇ ಹಳೆಯ ಬೂಟು ಹಾಕಿಕೊಂಡು, ನನ್ನದೇ ಬೆಂಚಿನ ಮೇಲೆ ಕೂತು, ‘ಮೇಡಂ ಹಾಗಂದ್ರು, ಮೇಡಂ ಹೀಗಂದ್ರು’ ಎಂದು ಹೇಳುತ್ತಲೇ ಇದ್ದ. ನನ್ನ ಹೆಂಡತಿಯನ್ನು ನನಗೇ ಪರಿಚಯ ಮಾಡಿಕೊಡುತ್ತಿದ್ದ!

ಮೇಣ ಬರಲಿ, ಬಕೆಟ್‌ಗಟ್ಟಲೆ ಬರಲಿ ಎಂದು ಬಯಸಿದೆ. ನಿನ್ನ ಕೆಲಸ ಕೆಡಲಿ ಅಂತಲ್ಲ, ಅವನ ಮುಖ ಇಂಗು ತಿಂದ ಮಂಗನಂತಾಗಲಿ ಅಂತ.

ಹಂದಿ ಬಂದು ಮುಟ್ಟಿತು, ಪೈಪಿನ ತುದಿಯ ಬಾಗಿಲು ತೆರೆದೆವು. ಯಾವಾಗಲೂ ಸಲಿಕೆಯಲ್ಲಿ ಬಾಚಿ ಹಾಕಬೇಕಾಗಿದ್ದ ಕರಿ ಮೇಣ ಈ ಸಲ ಒಂದು ಬೊಗಸೆಯೂ ಇರಲಿಲ್ಲ.

“ಮೇಸ್ತ್ರಿ, ಹಂದಿ ಸ್ನಾನ ಮಾಡ್ಕೊಂಡು ಬಂದಿದೆ!” ಎಂದು ಕ್ರೇನಿನವನು ಕೂಗಿದ. ಎಲ್ಲರೂ ನಕ್ಕರು.

ಕನ್ನಡಕದವನು ಮಾತ್ರ ಹಿಂದೆ ಸರಿದು ನಿಂತ. “ನೀವೇ ನೋಡಿ ಹೇಳಿ ಮೇಸ್ತ್ರಿ. ನಮ್ಮ ಮದ್ದನ್ನ ನಾವೇ ಹೊಗಳ್ಕೊಂಡ್ರೆ ಚೆನ್ನಾಗಿರಲ್ಲ” ಅಂದ.

ಹಂದಿಯ ಬ್ರಶ್ ಸವೆದಿದೆ, ಅದಕ್ಕೇ ಮೇಣ ಉಜ್ಜಿಕೊಂಡು ಬಂದಿಲ್ಲ ಅಂದುಬಿಡಲೇ ಅನ್ನಿಸಿತು. ಅಂದಿದ್ದರೆ ಎಲ್ಲರೂ ನಂಬುತ್ತಿದ್ದರು. ಬ್ರಶ್ಶಿನ ಮೇಲೆ ಬೆರಳಾಡಿಸಿದೆ. ಚೂಪಾಗಿಯೇ ಇತ್ತು.

“ಬ್ರಶ್ ಸರಿಯಾಗಿದೆ. ಮದ್ದು ಕೆಲ್ಸ ಮಾಡಿದೆ” ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಎರಡನೇ ಸಲ ಜೋರಾಗಿ ಹೇಳಿದೆ.

ಆಮೇಲೆ ಅವನು ತೋಳು ಮಡಚಿ ನಮ್ಮ ಜೊತೆ ಹಂದಿಯನ್ನು ತೊಳೆದ. ಒಳ್ಳೆಯವನೇ. ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಸಲೀಸಾಗಿರುತ್ತಿತ್ತು. ಇನ್ನು ನಮಗೇನು ಕೆಲಸ ಎಂದು ಗ್ಯಾಂಗಿನವರು ಕೇಳಿದ್ದಕ್ಕೂ ಅವನೇ ಉತ್ತರ ಕೊಟ್ಟ: “ಎಷ್ಟೇ ಮದ್ದು ಹಾಕಿದ್ರೂ ಆಗಾಗ ಉಜ್ಜಲೇಬೇಕು, ಹೆದರಬೇಡಿ.”

ನೀನು ಗೆದ್ದೆ. ಹೆಮ್ಮೆ ಇದೆ, ಹೊಟ್ಟೆಕಿಚ್ಚೂ ಇದೆ. ರಜೆ ಸಿಕ್ಕ ಕೂಡಲೇ ಬಾ. ಹೊತ್ತಿಗೆ ಸರಿಯಾಗಿ ಊಟ ಮಾಡು, ಚಳಿಯಲ್ಲಿ ಕಿವಿ ಮುಚ್ಚಿಕೊ. ನಿನಗೆ ಒಳ್ಳೆಯದಾಗಲಿ, ಇನ್ನೂ ದೊಡ್ಡ ಹೆಸರು ಬರಲಿ.

ನಿನ್ನ
ಮೇಸ್ತ್ರಿ

ಮರೆತದ್ದು: ಅವನು ನಿನಗೆ ಫೋನು ಮಾಡಿ ಸುದ್ದಿ ಹೇಳಿದಾಗ ನಾನು ಪಕ್ಕದಲ್ಲೇ ಕೈ ಒರೆಸಿಕೊಳ್ಳುತ್ತಿದ್ದೆ. ನೀನು ಬಿಕ್ಕಿಬಿಕ್ಕಿ ಅತ್ತದ್ದು ನನಗೂ ಕೇಳಿಸಿತು. ಅವನು ಗಾಬರಿಯಾಗಲಿಲ್ಲ. ನಿನ್ನ ಅಳು ಗೊತ್ತಿದ್ದವನಂತೆ ಸುಮ್ಮನೆ ಕೇಳುತ್ತ ನಿಂತ. ನಮ್ಮ ಮಗು ಉಳಿಯಲಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದ ದಿನ ನೀನು ಗೋಡೆಯ ಕಡೆ ತಿರುಗಿ ಮಲಗಿದೆ, ನನ್ನೆದುರು ಒಂದು ಹನಿ ಕಣ್ಣೀರು ಹಾಕಲಿಲ್ಲ. ಇವಳಿಗೆ ಅಳು ಬರುವುದಿಲ್ಲ ಎಂದೇ ನಾನು ಇಷ್ಟು ವರ್ಷ ನಂಬಿಕೊಂಡಿದ್ದೆ.